ಆ ಓಟಿಪಿ ನನ್ನ ಕೈಗೆ ಬರಬಾರದು: ಜಾಲತಾಣ ಕಟ್ಟಿಸುವ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಸಾಹೇಬರೇ, ನಮಸ್ಕಾರ.

ನಾನು ಸಿಂಧನೂರಿನಲ್ಲಿ ಒಂದು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಗಿರಾಕಿಗಳು ಕೂರೋಕೆ ಒಂದು ಬೆಂಚು. ಜಾತಿ ಆದಾಯ ಪ್ರಮಾಣಪತ್ರ, 371(ಜೆ) ಸರ್ಟಿಫಿಕೇಟು, ಪಹಣಿ, ಪಿಂಚಣಿ, ಸ್ಕಾಲರ್‌ಶಿಪ್ಪು, ನೌಕರಿ ಅರ್ಜಿ, ಎಲ್ಲ ಇಲ್ಲೇ ಆಗುತ್ತದೆ. ಒಂದು ಅರ್ಜಿ ತುಂಬಿಕೊಟ್ಟರೆ ಐವತ್ತು ರೂಪಾಯಿ. ಉದ್ದದ ಅರ್ಜಿಯಾದರೆ ನೂರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಜಾಲತಾಣಗಳು ಎಷ್ಟು ಕಷ್ಟ ಇರುತ್ತವೋ ನನ್ನ ವ್ಯಾಪಾರ ಅಷ್ಟು ಚೆನ್ನಾಗಿ ನಡೆಯುತ್ತದೆ. ಜನ ಮನೆಯಲ್ಲೇ ಕೂತು ತಮ್ಮ ಅರ್ಜಿ ತಾವೇ ಹಾಕಿಕೊಂಡರೆ ನನ್ನ ಬೆಂಚು ಖಾಲಿ. ಹಾಗಾಗಿ ಈ ಪತ್ರ ಬರೆಯೋದು ನನ್ನ ಹೊಟ್ಟೆ ಮೇಲೆ ನಾನೇ ಕಲ್ಲು ಹಾಕಿಕೊಂಡ ಹಾಗೆ. ನನ್ನ ಹೆಂಡತಿಯೂ ಇದನ್ನೇ ಹೇಳಿದಳು. ಆದರೂ ಬರೆಯುತ್ತಿದ್ದೇನೆ, ಯಾಕಂದರೆ ನನ್ನ ಗಲ್ಲಾಪೆಟ್ಟಿಗೆ ಕೆಳಗೆ ಒಂದು ನೂರು ಪುಟದ ನೋಟ್‌ಬುಕ್ ಇದೆ. ಅದರಲ್ಲಿ ಊರವರ ಪಾಸ್‌ವರ್ಡ್‌ಗಳಿವೆ. ಕೆಲವರದು ಬ್ಯಾಂಕ್ ಖಾತೆ ನಂಬರ್ ಕೂಡ ಇದೆ. ಅವರೇ ಬರೆಸಿದ್ದು, "ನಮಗ ನೆನಪಿರಂಗಿಲ್ಲ, ನಿಮ್ಮತ್ರಾನ ಇರ್ಲಿ" ಅಂತ. ಓದು ಬಾರದವರು, ವಯಸ್ಸಾದವರು ಇದ್ದಾರೆ, ಸರಿ. ಆದರೆ ಆ ಪುಸ್ತಕದಲ್ಲಿ ಎಂ.ಎ., ಬಿ.ಎಡ್. ಮಾಡಿದವರ ಹೆಸರೂ ಇದೆ. ಅವರಿಗೆ ಕಣ್ಣು ಕಾಣುವುದಿಲ್ಲ, ಅಷ್ಟೇ.

ಅಂಥ ಒಬ್ಬ ಹುಡುಗನ ಒಂದು ಮಧ್ಯಾಹ್ನ ನಿಮಗೆ ಹೇಳಬೇಕು. ಹೆಸರು ಬೇಡ ಅಂದಿದ್ದಾನೆ. ಪಕ್ಕದ ಹಳ್ಳಿಯವನು. ಹುಟ್ಟಿನಿಂದ ಕಣ್ಣಿಲ್ಲ. ಕೈಯಲ್ಲಿ ಹಳೇ ಆಂಡ್ರಾಯ್ಡ್ ಫೋನು. ಅದರಲ್ಲಿ ಟಾಕ್‌ಬ್ಯಾಕ್ ಅಂತ ಒಂದು ಸೌಲಭ್ಯ ಇರುತ್ತದೆ, ಪರದೆ ಮೇಲಿರುವುದನ್ನು ಓದಿ ಹೇಳುತ್ತದೆ. ನಿಮ್ಮ ಫೋನಿನಲ್ಲೂ ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಅವನು ಅದರ ವೇಗವನ್ನು ಎಷ್ಟು ಹೆಚ್ಚಿಸಿದ್ದಾನೆ ಅಂದರೆ ನನಗೆ ಜೀರುಂಡೆ ಸದ್ದು ಕೇಳಿದ ಹಾಗೆ ಆಗುತ್ತದೆ. ಅವನು ಅದರಲ್ಲೇ ಪೇಪರ್ ಓದುತ್ತಾನೆ, ಯುಪಿಐನಲ್ಲಿ ದುಡ್ಡು ಕಳಿಸುತ್ತಾನೆ, ಬಸ್ಸಿನಲ್ಲಿ ಕೂತು ವಾಟ್ಸಾಪ್‌ನಲ್ಲಿ ಜಗಳವನ್ನೂ ಆಡುತ್ತಾನೆ. ನನಗಿಂತ ವೇಗವಾಗಿ.

ಅವತ್ತು ಒಂದು ಅರ್ಜಿ ಹಾಕೋಕೆ ಬಂದ. ಯಾವ ಇಲಾಖೆ, ಯಾವ ಸೈಟು ಅಂತ ಹೇಳುವುದಿಲ್ಲ. ಹೇಳಿದರೆ ಆ ಒಂದು ಸೈಟನ್ನು ತೊಳೆದು ನೀವು ಸುಮ್ಮನಾಗುತ್ತೀರಿ. "ನಾನ ಹಾಕ್ತೀನಿ ಅಣ್ಣಾರ, ನೀವು ಬರೇ ಪ್ರಿಂಟ್ ಕೊಡ್ರಿ" ಅಂತ ಬೆಂಚಿನ ಮೇಲೆ ಕೂತ.

ಪುಟ ತೆರೆಯಿತು. ಫೋನು ಶುರು ಮಾಡಿತು. "ಇಮೇಜ್. ಇಮೇಜ್. ಐಎಂಜಿ ಎರಡು ಸೊನ್ನೆ ಎರಡು ಮೂರು..." ಅಂತ ಉದ್ದಕ್ಕೆ ಒಂದು ನಂಬರ್ ಓದಿತು. ಏನು ಅಂತ ನಾನು ನೋಡಿದರೆ ಗಣ್ಯರ ಫೋಟೊಗಳು. ಯಾರೋ ವಾಟ್ಸಾಪ್‌ನಲ್ಲಿ ಬಂದ ಫೋಟೊವನ್ನು ಹಾಗೇ ಏರಿಸಿದ್ದಾರೆ, ಹೆಸರು ಕೂಡ ಬದಲಾಯಿಸಿಲ್ಲ. ಆರು ಫೋಟೊ, ಮೂರು ಸೆಕೆಂಡಿಗೊಮ್ಮೆ ಸರಿಯುತ್ತವೆ. ಇವನು ಒಂದು ದಾಟುವಷ್ಟರಲ್ಲಿ ಇನ್ನೊಂದು ಬಂದು ಮತ್ತೆ ಮೊದಲಿನಿಂದ. ಹೇಗೋ ದಾಟಿದ. ಆಮೇಲೆ "ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್." ಹದಿನಾಲ್ಕು ಸಲ. ಕಣ್ಣಿದ್ದ ನನಗೆ ಪ್ರತಿಯೊಂದರ ಪಕ್ಕದಲ್ಲೂ ಏನು ಅಂತ ಬರೆದಿದ್ದು ಕಾಣುತ್ತದೆ. ಲಿಂಕ್‌ಗಳನ್ನಷ್ಟೇ ಹಿಡಿದು ಜಿಗಿಯುವ ಅವನಿಗೆ ಹದಿನಾಲ್ಕೂ ಒಂದೇ.

ಅರ್ಜಿ ಸಿಕ್ಕಿತು. "ಎಡಿಟ್ ಬಾಕ್ಸ್. ಎಡಿಟ್ ಬಾಕ್ಸ್. ಎಡಿಟ್ ಬಾಕ್ಸ್." ಯಾವುದರಲ್ಲಿ ಹೆಸರು, ಯಾವುದರಲ್ಲಿ ತಂದೆ ಹೆಸರು? ಖಾನೆಯ ಪಕ್ಕ ಅಕ್ಷರ ಇದೆ. ಆದರೆ ಈ ಅಕ್ಷರ ಈ ಖಾನೆಗೆ ಸೇರಿದ್ದು ಅಂತ ಕೋಡ್‌ನಲ್ಲಿ ಒಂದು ಗಂಟು ಹಾಕಬೇಕು, ಅದನ್ನು ಲೇಬಲ್ ಅನ್ನುತ್ತಾರೆ. ಹಾಕಿಲ್ಲ. ಅವನು ಅಂದಾಜಿನ ಮೇಲೆ ತುಂಬುತ್ತಾ ಹೋದ. ತಾಯಿ ಹೆಸರಿನ ಜಾಗದಲ್ಲಿ ಪಿನ್‌ಕೋಡ್ ಬಿತ್ತು.

ಹುಟ್ಟಿದ ದಿನ ಬಂತು. ಟೈಪ್ ಮಾಡೋಕೆ ಬಿಡುವುದಿಲ್ಲ, ಕ್ಯಾಲೆಂಡರ್‌ನಲ್ಲೇ ಆರಿಸಬೇಕು. ಕ್ಯಾಲೆಂಡರ್ ಈ ತಿಂಗಳಿನಿಂದ ಶುರು. ಹಿಂದಕ್ಕೆ ಹೋಗೋಕೆ ಒಂದು ಬಾಣ, ಒಂದು ಸಲ ಒತ್ತಿದರೆ ಒಂದು ತಿಂಗಳು. ಅವನಿಗೆ ಇಪ್ಪತ್ತಾರು ವರ್ಷ. ಅಂದರೆ 312 ಸಲ ಒತ್ತಬೇಕು. ಆ ಬಾಣಕ್ಕಾದರೂ ಹೆಸರಿದೆಯಾ? "ಬಟನ್, ಅನ್‌ಲೇಬಲ್ಡ್." ಅವನು ಒತ್ತಿದ ನೋಡಿ ಸಾಹೇಬರೇ. ನಾನು ಎರಡು ಜೆರಾಕ್ಸ್ ಕೆಲಸ ಮುಗಿಸಿ ಬಂದೆ, ಇನ್ನೂ ಒತ್ತುತ್ತಿದ್ದ. ಅಷ್ಟರಲ್ಲಿ ಸೆಷನ್ ಮುಗಿಯಿತು ಅಂತ ಪುಟ ತಾನಾಗಿಯೇ ಹೊರಗೆ ಹಾಕಿತು.

ಮತ್ತೆ ಶುರು ಮಾಡಿದ. ಎರಡನೇ ಸಲ ಕೊನೆಯವರೆಗೂ ಬಂದ. ಅಲ್ಲಿ ಕ್ಯಾಪ್ಚಾ. ಸೊಟ್ಟ ಸೊಟ್ಟ ಐದು ಅಕ್ಷರದ ಚಿತ್ರ. ನೀನು ಮನುಷ್ಯನಾ, ಯಂತ್ರನಾ ಅಂತ ಕೇಳುವ ಪರೀಕ್ಷೆ ಅದು. ಕೇಳಿಸಿಕೊಂಡು ಬರೆಯುವ ದಾರಿ ಇರಲಿಲ್ಲ. ಅವನು ಫೋನನ್ನು ತೊಡೆ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ನನ್ನ ಕಡೆ ಚಾಚಿದ. "ನೀವ ನೋಡ್ರಿ ಅಣ್ಣಾರ."

ಅಲ್ಲಿಂದ ಮುಂದೆ ಎಲ್ಲ ನಂದೇ. ಕ್ಯಾಪ್ಚಾ ನಾನು ಓದಿದೆ. ಓಟಿಪಿ ನಾನು ಹಾಕಿದೆ. ಆಧಾರ್ ನಂಬರ್ ನಾನು ನೋಡಿದೆ. ಎಷ್ಟು ಪರ್ಸೆಂಟ್ ಅಂಗವಿಕಲ, ಮನೆಯ ಆದಾಯ ಎಷ್ಟು, ಖಾತೆ ಯಾವ ಬ್ಯಾಂಕಿನಲ್ಲಿ, ಎಲ್ಲ ನನಗೆ ಗೊತ್ತಾಯಿತು. ಬೆಂಚಿನ ಮೇಲೆ ಕೂತಿದ್ದ ಇಬ್ಬರು ಗಿರಾಕಿಗಳಿಗೂ ಗೊತ್ತಾಯಿತು, ಯಾಕಂದರೆ ನಾನು ಕೇಳಬೇಕು, ಅವನು ಜೋರಾಗಿ ಹೇಳಬೇಕು. ನಾನು ಒಳ್ಳೆಯವನು ಅಂತಲೇ ಇಟ್ಟುಕೊಳ್ಳಿ. ನಾಳೆ ಅವನು ಹೋಗುವ ಸೆಂಟರ್‌ನಲ್ಲಿ ಕೂತವನು ಒಳ್ಳೆಯವನು ಅಂತ ಯಾರು ಬರೆದುಕೊಡುತ್ತಾರೆ? ಯಾರಿಗೂ ಓಟಿಪಿ ಹೇಳಬೇಡಿ ಅಂತ ದಿನಾ ಮೆಸೇಜ್ ಬರುತ್ತದೆ. ಇವನು ಹೇಳದೆ ಇದ್ದರೆ ಅರ್ಜಿಯೇ ಹೋಗುವುದಿಲ್ಲ.

ಅರ್ಜಿ ಹೋದ ಮೇಲೆ ಐವತ್ತು ರೂಪಾಯಿ ಕೊಟ್ಟ. ತಗೊಂಡೆ. ಸುಳ್ಳು ಯಾಕೆ ಹೇಳಲಿ.

ಈಗ ನಿಮ್ಮ ಪಿಡಿಎಫ್‌ಗಳ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ಕನ್ನಡದಂಥ ಭಾಷೆಯವರ ತಾಪತ್ರಯ, ಇಂಗ್ಲಿಷಿನವರಿಗೆ ಇಲ್ಲ. ಅದೇ ಹುಡುಗ ಇನ್ನೊಂದು ದಿನ ಒಂದು ಸುತ್ತೋಲೆ ತೆರೆದ. ಪರದೆ ಮೇಲೆ ಚಂದದ ಕನ್ನಡ. ಫೋನು ಮಾತ್ರ "ಪಿ, ಎ, ಪೌಂಡ್, ಎ..." ಅಂತ ಏನೇನೋ ಒದರಿತು. "ಇದ್ಯಾವ ಭಾಷಾ ಅಣ್ಣಾರ?" ಅಂದ. ನುಡಿ ಅನ್ನೋ ಕನ್ನಡ ತಂತ್ರಾಂಶದ ಹಳೇ ಅಕ್ಷರದಲ್ಲಿ ಟೈಪ್ ಮಾಡಿದ್ದು. ಅದರ ಒಳಗುಟ್ಟು ಬಹಳ ಜನರಿಗೆ ಗೊತ್ತಿಲ್ಲ. ಆ ಫೈಲಿನ ಒಳಗೆ ಕನ್ನಡವೇ ಇರುವುದಿಲ್ಲ. 'ಕನ್ನಡ' ಅಂತ ನಿಮಗೆ ಕಾಣುವ ಪದ ಒಳಗೆ ಹೀಗಿರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಇಂಗ್ಲೆಂಡಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೆ ಗೀಟಿನ ಎ. ಅವುಗಳ ಮೇಲೆ ಕನ್ನಡದ ವೇಷ ತೊಡಿಸಿರುತ್ತಾರೆ. ಕಣ್ಣು ವೇಷ ನೋಡುತ್ತದೆ. ಓದುವ ಯಂತ್ರ ವೇಷ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ.

ನುಡಿಯನ್ನು ನಾನು ಬೈಯುತ್ತಿಲ್ಲ. ಕಂಪ್ಯೂಟರ್‌ನಲ್ಲಿ ಕನ್ನಡ ಮೂಡಿಸುವುದೇ ಹರಸಾಹಸ ಆಗಿದ್ದ ಕಾಲದಲ್ಲಿ ಅದು ನಮ್ಮ ಕಚೇರಿಗಳಿಗೆ ಕನ್ನಡ ತಂದಿತು. ನಾನು ಟೈಪಿಂಗ್ ಕಲಿತಿದ್ದೂ ಅದರಲ್ಲೇ. ಆದರೆ ಪ್ರತಿ ಭಾಷೆಯ ಅಕ್ಷರಕ್ಕೂ ಕಂಪ್ಯೂಟರ್‌ನಲ್ಲಿ ಅದರದೇ ಗುರುತು ಕೊಡುವ ಯುನಿಕೋಡ್ ಅನ್ನೋ ಪದ್ಧತಿಯ ಮೊದಲ ಆವೃತ್ತಿ ಬಂದ 1991ರಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ನುಡಿಯ ಹೊಸ ಆವೃತ್ತಿಗಳಲ್ಲೂ ಯುನಿಕೋಡ್ ಇದೆ. ಹಳೇ ಅಕ್ಷರವನ್ನು ಯುನಿಕೋಡ್‌ಗೆ ಬದಲಾಯಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ, ಬದಲಾಯಿಸಿ ಒಮ್ಮೆ ಓದಿ ನೋಡಬೇಕು ಅಷ್ಟೇ. ಆದರೂ ಟೈಪಿಸ್ಟ್‌ಗೆ ರೂಢಿ ಅಂತ ಹಳೇದೇ ನಡೆಯುತ್ತಿದೆ. ಒಂದು ಮಾತು: ಯುನಿಕೋಡ್‌ನಲ್ಲಿ ಹಾಕಿದರೆ ಕಣ್ಣಿದ್ದವರಿಗೂ ಗೂಗಲ್‌ನಲ್ಲಿ ಹುಡುಕಿದಾಗ ಸಿಗುತ್ತದೆ. ಹಳೇ ಅಕ್ಷರದಲ್ಲಿ ಹಾಕಿದ ನಿಮ್ಮ ಆದೇಶಗಳು ಯಾರಿಗೂ ಸಿಗುವುದಿಲ್ಲ. ಕೆಲವೊಮ್ಮೆ ಅದಕ್ಕೇ ಹಾಗೆ ಹಾಕುತ್ತಾರೇನೋ ಅನ್ನಿಸುತ್ತದೆ. ಇರಲಿ.

ಇನ್ನೊಂದು ಬಗೆ ಇದೆ. ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಾಹೇಬರ ಸಹಿ ಸೀಲು ಹಾಕಿಸಿ, ಸೊಟ್ಟಗೆ ಸ್ಕ್ಯಾನ್ ಮಾಡಿ ಏರಿಸುವುದು. ಯಂತ್ರಕ್ಕೆ ಅದು ಒಂದು ಫೋಟೊ, ಅಕ್ಷರವೇ ಅಲ್ಲ. ದಾಖಲೆಗೆ ಸಹಿ ಇರುವ ಪ್ರತಿ ಬೇಕು, ಒಪ್ಪಿದೆ. ಟೈಪ್ ಮಾಡಿದ ಮೂಲ ಫೈಲು ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದಲ್ವಾ? ಅದನ್ನೂ ಪಕ್ಕದಲ್ಲಿ ಹಾಕಿ. ಎರಡು ನಿಮಿಷದ ಕೆಲಸ.

ನಮ್ಮೂರಿನಿಂದ ಮಸ್ಕಿ ದೂರವೇನಿಲ್ಲ. ಅಲ್ಲಿಯ ಬಂಡೆ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಇಂಜಿನಿಯರ್ ಕಂಡುಹಿಡಿದ. ಅಶೋಕ ಅನ್ನೋ ಹೆಸರು ನೇರವಾಗಿ ಸಿಕ್ಕ ಮೊದಲ ಶಾಸನ ಅದು ಅಂತ ನಮಗೆಲ್ಲ ಹೆಮ್ಮೆ. ಅದರಲ್ಲಿ ಇನ್ನೊಂದು ಮಾತೂ ಇದೆ. ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ಹೇಳಬೇಕು ಅಂತ. ಅದೂ ಒಂದು ಸುತ್ತೋಲೆಯೇ. ಬಂಡೆ ಇದ್ದಲ್ಲೇ ಇತ್ತು, ಅಕ್ಷರವೂ ಇತ್ತು, ಆದರೆ ಆ ಲಿಪಿ ಓದುವವರೇ ಇಲ್ಲದೆ ಎಷ್ಟೋ ನೂರು ವರ್ಷ ಅದು ಬರೀ ಗೀಚು. ನಿಮ್ಮ ಪಿಡಿಎಫ್ ಆ ಸ್ಥಿತಿಗೆ ಬರೋಕೆ ಏರಿಸಿದ ದಿನವೇ ಸಾಕು.

ಕಣ್ಣಿನ ವಿಷಯವನ್ನೇ ಜಾಸ್ತಿ ಹೇಳಿದೆ, ಯಾಕಂದರೆ ಅದನ್ನು ಹತ್ತಿರದಿಂದ ನೋಡಿದ್ದೇನೆ. ನನ್ನ ಬೆಂಚಿಗೆ ಬೇರೆಯವರೂ ಬರುತ್ತಾರೆ. ಲಕ್ವ ಹೊಡೆದು ಬಲಗೈ ನಡುಗುವ ಮೇಷ್ಟ್ರೊಬ್ಬರಿದ್ದಾರೆ. ನಿಮ್ಮ 'ಒಪ್ಪಿದ್ದೇನೆ' ಅನ್ನೋ ಸಾಸಿವೆ ಕಾಳಿನಷ್ಟು ಚೌಕಕ್ಕೆ ಬೆರಳು ಇಡೋಕೆ ಹೋಗಿ ಪಕ್ಕದ 'ರದ್ದು' ಒತ್ತಿಬಿಡುತ್ತಾರೆ. ಕಿವಿ ಕೇಳದ ಹೆಣ್ಣುಮಗಳೊಬ್ಬಳಿದ್ದಾಳೆ. ಸಮಸ್ಯೆ ಇದ್ದರೆ ಈ ನಂಬರ್‌ಗೆ ಕರೆ ಮಾಡಿ ಅಂತ ಬರೆದಿರುತ್ತೀರಿ. ಯಾರು ಮಾಡಬೇಕು ಕರೆ? ಅರ್ಜಿ ತುಂಬುವುದು ಹೇಗೆ ಅಂತ ವಿಡಿಯೊ ಹಾಕಿದ್ದೀರಿ, ಕೆಳಗೆ ಒಂದು ಸಾಲು ಅಕ್ಷರ ಇಲ್ಲ. ತಪ್ಪಾದ ಖಾನೆ ಕೆಂಪು, ಸರಿಯಾದದ್ದು ಹಸಿರು ಅಂತ ಬಣ್ಣದಲ್ಲೇ ಹೇಳುತ್ತೀರಿ, ಆ ಎರಡು ಬಣ್ಣದ ವ್ಯತ್ಯಾಸ ಕಾಣದವರು ಇರುತ್ತಾರೆ ಅನ್ನುವುದು ಗೊತ್ತಿದ್ದೂ.

ಬಿಳಿ ಹಾಳೆ ಮೇಲೆ ತಿಳಿಬೂದು ಅಕ್ಷರದ ಫ್ಯಾಷನ್ ಒಂದು ಬಂದಿದೆ. ಮೇ ತಿಂಗಳಲ್ಲಿ ರಾಯಚೂರು ಬಿಸಿಲಿಗೆ ನಿಂತು ಅದನ್ನು ಫೋನಿನಲ್ಲಿ ಓದಿ ತೋರಿಸಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸ ಇರಬೇಕು ಅಂತ ಜಗತ್ತಿನಲ್ಲೆಲ್ಲ ಒಪ್ಪಿದ ಅಳತೆಯೇ ಇದೆ. 2008ರಲ್ಲಿ ಬಂದ, ಜಾಲತಾಣ ಎಲ್ಲರಿಗೂ ಎಟುಕುವ ಹಾಗೆ ಮಾಡೋಕೆ ಇರುವ ಡಬ್ಲ್ಯುಸಿಎಜಿ 2.0 ಅನ್ನೋ ಮಾರ್ಗಸೂಚಿಯಲ್ಲಿ ಅದು ಇದೆ. 2023ರಲ್ಲಿ ಬಂದ 2.2ರಲ್ಲಿ ಒತ್ತುವ ಬಟನ್ ಎಷ್ಟು ದೊಡ್ಡದಿರಬೇಕು ಅಂತಲೂ ಇದೆ, ಕನಿಷ್ಠ 24 ಪಿಕ್ಸೆಲ್ ಉದ್ದ, 24 ಪಿಕ್ಸೆಲ್ ಅಗಲ. ಮೇಷ್ಟ್ರ ಬೆರಳಿಗೆ ಅದೂ ಚಿಕ್ಕದೇ, ಆದರೂ ಸಾಸಿವೆಗಿಂತ ವಾಸಿ.

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸುಮ್ನೆ ನೆನಪಿಸುತ್ತೇನೆ. ಸರ್ಕಾರಿ ಜಾಲತಾಣ ಹೇಗಿರಬೇಕು ಅನ್ನೋ ಕೇಂದ್ರದ ಮಾರ್ಗಸೂಚಿ ಮೊದಲು ಬಂದಿದ್ದು 2009ರಲ್ಲಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು, ಜಾರಿಗೆ ಬಂದಿದ್ದು 2017ರ ಏಪ್ರಿಲ್ 19ಕ್ಕೆ. ಮೊದಲಿನ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಇತ್ತು, ಇದರಲ್ಲಿ 21. ನಿಯಮ ಹೊರಬಿದ್ದ ಎರಡು ವರ್ಷದೊಳಗೆ ಸೇವೆ ಕೊಡುವವರೆಲ್ಲ ತಮ್ಮ ಸೇವೆಯನ್ನು ಎಲ್ಲರಿಗೂ ಎಟುಕುವ ಹಾಗೆ ಮಾಡಬೇಕು ಅಂತ 46ನೇ ಸೆಕ್ಷನ್ ಹೇಳುತ್ತದೆ. ನಿಯಮ ಬಂದಿದ್ದು 2017ರಲ್ಲಿ. ಗಡುವು ಯಾವಾಗ ಮುಗಿಯಿತು ಅಂತ ನೀವೇ ಲೆಕ್ಕ ಹಾಕಿ. ಐಎಸ್ 17802 ಅಂತ ನಮ್ಮ ದೇಶದ್ದೇ ಮಾನದಂಡವೂ ಈಗ ನಿಯಮದೊಳಗೆ ಸೇರಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಇವೆಲ್ಲ ಬರೀ ಸಲಹೆ ಆಗಿದ್ದರೆ ಸಾಲದು, ಮಾಡಲೇಬೇಕಾದ ನಿಯಮ ಬೇಕು ಅಂತ ಹೇಳಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪು ನನಗೆ ಹೆಚ್ಚು ತಟ್ಟಿತು. ಆಸಿಡ್ ದಾಳಿಗೆ ಒಳಗಾದವರು ಆನ್‌ಲೈನ್‌ನಲ್ಲಿ ಗುರುತು ಖಚಿತಪಡಿಸುವ ಇ-ಕೆವೈಸಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲು ಆಗದೆ ಒದ್ದಾಡಿದ ವಿಷಯ ಅದರಲ್ಲಿತ್ತು. ಕಣ್ಣು ಕಾಣದವರೊಬ್ಬರ ಅರ್ಜಿಯೂ ಅದರ ಜೊತೆ ಇತ್ತು. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. ನಮ್ಮ ಹುಡುಗನಿಗೂ ಅದೇ ಕ್ಯಾಮೆರಾ ಹೇಳಿತ್ತು, ಮುಖ ವೃತ್ತದೊಳಗೆ ಇಡಿ ಅಂತ. ವೃತ್ತ ಎಲ್ಲಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಅವನ ಗಲ್ಲ ಹಿಡಿದು ನಾನು ತಿರುಗಿಸಿದೆ, ಸ್ಟುಡಿಯೊದಲ್ಲಿ ಮಕ್ಕಳಿಗೆ ಮಾಡುವ ಹಾಗೆ. ಇಪ್ಪತ್ತಾರು ವರ್ಷದ ಗಂಡಸಿಗೆ.

ನೀವು ಹೇಳುವ ಉತ್ತರಗಳು ನನಗೆ ಗೊತ್ತಿವೆ. "ಅಂಥವರು ಎಷ್ಟು ಜನ ನಮ್ಮ ಸೈಟಿಗೆ ಬರುತ್ತಾರೆ?" 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು, ಆಗಿನ್ನೂ 21 ಬಗೆಯ ಲೆಕ್ಕ ಇರಲಿಲ್ಲ. ಅವರು ನಿಮ್ಮ ಸೈಟಿಗೆ ಬಂದರೂ ನಿಮಗೆ ಕಾಣುವುದಿಲ್ಲ ಸಾಹೇಬರೇ. ನನ್ನಂಥವರ ಕಂಪ್ಯೂಟರ್‌ನಿಂದ ಬರುತ್ತಾರೆ.

ಎರಡನೇ ಉತ್ತರ, "ನಮ್ಮಲ್ಲಿ ಆ ಸೌಲಭ್ಯ ಇದೆ ನೋಡಿ." ಅಂದರೆ ಮೂಲೆಯಲ್ಲಿ ಒಂದು ಗಾಲಿಕುರ್ಚಿ ಚಿತ್ರ. ಒತ್ತಿದರೆ ಎ ಪ್ಲಸ್, ಎ ಮೈನಸ್, ಕಪ್ಪು ಬಿಳುಪು. ಅಕ್ಷರ ದೊಡ್ಡದು ಮಾಡೋದು ಫೋನಿಗೇ ಬರುತ್ತದೆ. ಹೆಸರಿಲ್ಲದ ಬಟನ್‌ಗೆ ಆ ಗಾಲಿಕುರ್ಚಿ ಹೆಸರು ಇಡುವುದಿಲ್ಲ. ಮೆಟ್ಟಿಲ ಪಕ್ಕ ರ‍್ಯಾಂಪ್ ಕಟ್ಟಿ ಬಾಗಿಲಿಗೆ ಬೀಗ ಜಡಿದ ಹಾಗೆ ಅದು.

ಮೂರನೇದು, "ಬಜೆಟ್ ಇಲ್ಲ." ಫೋಟೊ ಏರಿಸುವಾಗ ಅದರಲ್ಲಿ ಏನಿದೆ ಅಂತ ಒಂದು ಸಾಲು ಬರೆಯೋಕೆ ಎಷ್ಟು ಬಜೆಟ್ ಬೇಕು? ಸುಮ್ಮನೆ ಅಂದಕ್ಕೆ ಇಟ್ಟ ಬಳ್ಳಿ ಚಿತ್ರವಾದರೆ ಅದನ್ನೂ ಬರೆಯಬೇಡಿ, ಖಾಲಿ ಬಿಡಿ, ಯಂತ್ರ ದಾಟಿಕೊಂಡು ಹೋಗುತ್ತದೆ. ಪುಟದ ನೆತ್ತಿ ಮೇಲೆ ಇದು ಕನ್ನಡ ಅಂತ ಹೇಳುವ ಒಂದು ಸಣ್ಣ ಗುರುತು ಕೋಡ್‌ನಲ್ಲಿ ಇರಬೇಕು, ಎರಡೇ ಇಂಗ್ಲಿಷ್ ಅಕ್ಷರ, ಕೆ ಮತ್ತು ಎನ್. ಅದಿಲ್ಲದಿದ್ದರೆ ಎಷ್ಟೋ ಸಲ ಇಂಗ್ಲಿಷ್ ದನಿ ಬಂದು ಕನ್ನಡದ ಮುಂದೆ ತಡವರಿಸುತ್ತದೆ. ಇವೆಲ್ಲ ಸೈಟ್ ಕಟ್ಟುವಾಗಲೇ ಮಾಡಿದರೆ ಉಪ್ಪು ಹಾಕಿದಷ್ಟು ಕೆಲಸ. ಅಡುಗೆ ಆದ ಮೇಲೆ ಬೆರೆಸೋಕೆ ಹೋದರೆ ಕಷ್ಟ, ಅದು ನಿಜ.

ಹೆಸರಿನ ಮಾತು ಬಂತಲ್ಲ. ಅಂಗವಿಕಲರು ಅನ್ನಬೇಕಾ, ವಿಕಲಚೇತನರು ಅನ್ನಬೇಕಾ, ದಿವ್ಯಾಂಗರು ಅನ್ನಬೇಕಾ ಅಂತ ಸಭೆಗಳಲ್ಲಿ ಚರ್ಚೆ ಆಗುತ್ತದೆ. ಆ ಹುಡುಗನನ್ನೇ ಕೇಳಿದೆ. "ನಮಗ ಏನರ ಹೆಸರಿಡ್ರಿ ಅಣ್ಣಾರ, ಮೊದಲ ಆ ಬಟನ್ನಿಗೊಂದು ಹೆಸರಿಡ್ರಿ" ಅಂದ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಜಾಲತಾಣಕ್ಕೆ ಟೆಂಡರ್ ಕರೆಯುವಾಗ ಒಂದು ಷರತ್ತು ಸೇರಿಸಿ. ಜಿಲ್ಲೆಯವರೇ ಆದ ಕಣ್ಣು ಕಾಣದ ಒಬ್ಬರು, ಕೈ ಸ್ವಾಧೀನ ಇಲ್ಲದ ಒಬ್ಬರು ಆ ಸೈಟಿನಲ್ಲಿ ಒಂದು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ತಾವೇ ಹಾಕಿ ತೋರಿಸಬೇಕು. ಆಮೇಲೆಯೇ ಕೊನೆಯ ಬಿಲ್ ಪಾಸ್. ಅವರಿಗೆ ಆ ದಿನದ ಸಂಬಳ ಕೊಡಿ, ಶಾಲು ಹೊದಿಸಿ ಕಳಿಸಬೇಡಿ. ಯಾರು ಸಿಗುತ್ತಾರೆ ಅಂತ ಕೇಳಬೇಡಿ, ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಅಂತ ಇದ್ದಾರೆ, ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು, ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯುಗಳ ಬಳಿ ಪಟ್ಟಿ ಇರುತ್ತದೆ. ಹಳೇ ಸೈಟುಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಮುಟ್ಟೋಕೆ ಹೋಗಬೇಡಿ. ಜನ ಹೆಚ್ಚು ಹಾಕುವ ನಾಲ್ಕೈದು ಅರ್ಜಿ ಹಿಡಿಯಿರಿ. ಹುಟ್ಟಿದ ದಿನವನ್ನು ಟೈಪ್ ಮಾಡೋಕೆ ಬಿಡಿ. ಸಹಾಯದ ಫೋನ್ ನಂಬರ್ ಪಕ್ಕ ಮೆಸೇಜ್ ಮಾಡುವ ನಂಬರ್ ಕೂಡ ಇರಲಿ, ಆ ಕಡೆ ಉತ್ತರ ಕೊಡುವ ಮನುಷ್ಯನೂ ಇರಲಿ.

ಅದಕ್ಕೂ ಮೊದಲು ಒಂದು ಕೆಲಸ ನೀವೇ ಮಾಡಬಹುದು. ಎನ್‌ವಿಡಿಎ ಅಂತ ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಒಂದು ತಂತ್ರಾಂಶ ಇದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಅನ್ನೋ ಕಣ್ಣು ಕಾಣದ ಯುವಕ 2006ರಲ್ಲಿ ಶುರು ಮಾಡಿದ್ದು, ಪುಕ್ಕಟೆ. ಕನ್ನಡವನ್ನೂ ಓದುತ್ತದೆ. ಅದರ ಜೊತೆ ಬರುವ ದನಿ ರೋಬೋ ಥರ ಇರುತ್ತದೆ, ಎರಡು ದಿನಕ್ಕೆ ಕಿವಿ ಹೊಂದಿಕೊಳ್ಳುತ್ತದೆ. ನಿಮ್ಮ ಕಚೇರಿಯ ಕಂಪ್ಯೂಟರ್‌ಗೆ ಹಾಕಿ, ಮೌಸ್ ಕಿತ್ತಿಡಿ, ಪರದೆ ಆಫ್ ಮಾಡಿ, ನಿಮ್ಮದೇ ಸೈಟಿನಲ್ಲಿ ನಿಮ್ಮದೇ ಹೆಸರಿನ ಒಂದು ಅರ್ಜಿ ಹಾಕಿ ನೋಡಿ. ಟ್ಯಾಬ್ ಕೀ ಒತ್ತುತ್ತಾ ಹೋಗಿ. ನಾನು ಒಂದು ಭಾನುವಾರ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಪರದೆ ಆನ್ ಮಾಡಿಬಿಟ್ಟೆ. ನನಗೆ ಆನ್ ಮಾಡೋಕೆ ಪರದೆ ಇತ್ತು.

ನನ್ನ ಐವತ್ತು ರೂಪಾಯಿ ಬಗ್ಗೆ ಯೋಚನೆ ಮಾಡಬೇಡಿ. ಜೆರಾಕ್ಸ್ ಇದೆ, ಲ್ಯಾಮಿನೇಶನ್ ಇದೆ. ಭತ್ತದ ಸುಗ್ಗಿಯಲ್ಲಿ ಹೇಗೂ ಕೈ ಬಿಡುವಿರುವುದಿಲ್ಲ.

ಇಂತಿ,
ಸಿಂಧನೂರಿನ ಒಬ್ಬ ಆನ್‌ಲೈನ್ ಸೆಂಟರ್‌ನವ

ಮರೆತೆ: ಈ ಪತ್ರವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದೇನೆ. ಕಳಿಸುವ ಮೊದಲು ಆ ಹುಡುಗನಿಗೆ ವಾಟ್ಸಾಪ್ ಮಾಡಿದ್ದೆ. ಬಸ್ಸಿನಲ್ಲಿ ಕೂತು ಕೇಳಿಸಿಕೊಂಡು, ನಾಲ್ಕು ಅಕ್ಷರ ತಪ್ಪು ಹುಡುಕಿ ಕಳಿಸಿದ. ಮೂರು ಕಡೆ 'ಪಾಪ' ಅಂತ ಬರೆದಿದ್ದೆ, ಮೂರನ್ನೂ ತೆಗೆಸಿದ.